ಸ್ಕ್ಯಾನ್ ಸರ್ವರ್‌ಗೆ ಹೋಗದಿದ್ದರೆ ಮೊದಲು ಐಪಿ ನೋಡಿ

ನಮಸ್ಕಾರ. ಶಿರಸಿಯ ನಿಮ್ಮ ಆಫೀಸಿನಲ್ಲಿ ಜೆರಾಕ್ಸ್ ಸರಿಯಾಗಿ ಬರುತ್ತದೆ, ಸ್ಕ್ಯಾನ್ ಮಾತ್ರ ಸರ್ವರ್‌ನ ಫೋಲ್ಡರ್‌ಗೆ ಹೋಗುತ್ತಿಲ್ಲ, ಮೊನ್ನೆ ಕರೆಂಟ್ ಹೋಗಿ ಬಂದ ಮೇಲೆ ಹೀಗಾಗಿದೆ ಎಂದಿದ್ದೀರಿ. ಹಾಗಾದರೆ ಮಷೀನ್ ಕೆಟ್ಟಿರಲಿಕ್ಕಿಲ್ಲ. ಸುಮ್ನೆ ರಿಪೇರಿಗೆ ದುಡ್ಡು ಹಾಕಬೇಡಿ.

ನನಗೆ ಅನುಮಾನ ಐಪಿ ವಿಳಾಸದ ಮೇಲೆ, ಅಂದರೆ ನೆಟ್‌ವರ್ಕ್‌ನಲ್ಲಿ ಸರ್ವರ್ ಎಲ್ಲಿದೆ ಎಂದು ಮಷೀನಿಗೆ ತಿಳಿಸುವ ನಂಬರ್ ಮೇಲೆ. ಕಾರವಾರದ ನಮ್ಮ ಆಫೀಸಿನಲ್ಲೂ ಮಳೆಗಾಲದಲ್ಲಿ ಇದೇ ಆಗಿತ್ತು. ಕರೆಂಟ್ ಬಂದು ರೌಟರ್ ಮತ್ತೆ ಶುರುವಾದಾಗ ಸರ್ವರ್‌ಗೆ ಹೊಸ ನಂಬರ್ ಕೊಟ್ಟಿತ್ತು. ಮಷೀನಿನ ಅಡ್ರೆಸ್ ಬುಕ್‌ನಲ್ಲಿ ಇನ್ನೂ 192.168.1.10. ಸರ್ವರ್ ಆಗಲೇ 192.168.1.14. ಎರಡು ದಿನ ಪಹಣಿ, ಅರ್ಜಿಗಳ ಕಟ್ಟು ಮಷೀನಿನ ಪಕ್ಕದಲ್ಲೇ ಕೂತಿತ್ತು. ಸರ್ವರ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಈಗಿನ ಐಪಿ ನೋಡಿ, ಮಷೀನಿನಲ್ಲಿ ಇರುವುದರ ಜೊತೆ ಹೋಲಿಸಿ. ಬೇರೆ ಇದ್ದರೆ ತಿದ್ದಿ. ಆಮೇಲೆ ರೌಟರ್‌ನಲ್ಲಿ ಸರ್ವರ್‌ಗೆ ಅದೇ ನಂಬರ್ ಕಾಯಂ ಮಾಡಿಬಿಡಿ, ಇಲ್ಲದಿದ್ದರೆ ಮುಂದಿನ ಮಳೆಗೆ ಮತ್ತೆ ಇದೇ ಪಾಡು.

ಐಪಿ ಸರಿ ಇದ್ದರೆ, ಮಷೀನ್ ಸರ್ವರ್‌ಗೆ ಲಾಗಿನ್ ಆಗುವ ಪಾಸ್‌ವರ್ಡ್ ನೋಡಿ. ಸರ್ವರ್‌ನಲ್ಲಿ ಯಾರಾದರೂ ಬದಲಿಸಿದ್ದರೆ ಮಷೀನಿಗೆ ಅದು ಗೊತ್ತಾಗುವುದಿಲ್ಲ ಅಲ್ವಾ? ಸ್ಕ್ಯಾನ್‌ಗೆಂದೇ ಒಂದು ಬೇರೆ ಯೂಸರ್ ಮಾಡಿ, ಆ ಫೋಲ್ಡರ್‌ಗೆ ಮಾತ್ರ ಬರೆಯುವ ಅನುಮತಿ ಕೊಡಿ. ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್, ಸೆಕ್ಯುರಿಟಿ ಎರಡೂ ಕಡೆ ಕೊಡಬೇಕು, ಒಂದು ಕಡೆ ಬಿಟ್ಟರೂ ಫೈಲ್ ಹೋಗುವುದಿಲ್ಲ.

ಮಷೀನ್ ತುಂಬಾ ಹಳೆಯದಾದರೆ ಎಸ್‌ಎಂಬಿ 1 (ನೆಟ್‌ವರ್ಕ್‌ನಲ್ಲಿ ಫೈಲ್ ಕಳಿಸುವ ಹಳೆಯ ವಿಧಾನ) ಆನ್ ಮಾಡಿ ಎಂದು ಯಾರಾದರೂ ಹೇಳಬಹುದು. ದಯವಿಟ್ಟು ಮಾಡಬೇಡಿ. 2017ರಲ್ಲಿ ಫೈಲ್‌ಗಳನ್ನು ಲಾಕ್ ಮಾಡಿ ದುಡ್ಡು ಕೇಳುವ ವನ್ನಾಕ್ರೈ ವೈರಸ್ ಹರಡಿದ್ದು ಅದರಲ್ಲಿದ್ದ ದೋಷ ಹಿಡಿದೇ. ಅದರ ಬದಲು ಸ್ಕ್ಯಾನ್ ಟು ಇಮೇಲ್ ಇಟ್ಟುಕೊಳ್ಳಿ.