ಅಂಗಡಿ ಮುಚ್ಚಿದ ಮೇಲೆ ನಾನು ಯಾರು?

ಪ್ರಶ್ನೆ: ಬಸವನಗುಡಿಯಲ್ಲಿ ಕೈಹೊಲಿಗೆಯ ನೋಟ್‌ಪುಸ್ತಕಗಳ ಪುಟ್ಟ ಅಂಗಡಿ ನಡೆಸುತ್ತಿದ್ದೇನೆ. ಬಾಡಿಗೆ ಕಟ್ಟಿ ಪೂರೈಸುತ್ತಿಲ್ಲ, ಮುಚ್ಚಲೇಬೇಕು. ಆಮೇಲೆ ನಾನು ಯಾರು ಎಂಬ ಚಿಂತೆ ನಿದ್ದೆಗೆಡಿಸಿದೆ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ಚಾಮರಾಜಪೇಟೆಯಲ್ಲಿ ಸ್ಕ್ರೀನ್ ಪ್ರಿಂಟಿಂಗ್ ನಡೆಸಿ ಮುಚ್ಚಿದವಳು ನಾನು, ನಿಮ್ಮ ಸಂಕಟ ಬಲ್ಲೆ.

ಅಂಗಡಿ ನಡೆಯುವಾಗ ನನ್ನ ಅರ್ಧ ದಿನ ಬಿಲ್ಲು, ಕೊರಿಯರ್, ವಸೂಲಿಗೇ ಹೋಗುತ್ತಿತ್ತು. ನಿಮಗೂ ಹಾಗೆಯೇ ಇದ್ದೀತು. ನೀವು ಪ್ರೀತಿಸುವುದು ಹಾಳೆ ಮಡಚಿ ದಾರ ಎಳೆಯುವ ಕೆಲಸವನ್ನು, ಅದಕ್ಕೆ ಬಾಡಿಗೆ ಕರಾರು ಬೇಕಿಲ್ಲ. ನಾನು ಮೇಜು, ಚೌಕಟ್ಟುಗಳನ್ನೆಲ್ಲ ಮಾರಿದೆ. ನನ್ನ ಬೆರಳಿನ ಅಚ್ಚಿಗೇ ಮರದ ಹಿಡಿ ಸವೆದಿದ್ದ ಸ್ಕ್ವೀಜಿಯನ್ನು, ಅಂದರೆ ಶಾಯಿ ಎಳೆಯುವ ರಬ್ಬರ್ ಪಟ್ಟಿಯನ್ನು, ಮಾತ್ರ ಕೊಡಲಿಲ್ಲ. ಈಗಲೂ ನೆಂಟರ ಮದುವೆಯ ಕರೆಯೋಲೆ ಅದರಲ್ಲೇ ಅಚ್ಚಾಗುತ್ತದೆ. ನಿಮ್ಮ ದಬ್ಬಳ, ಮೇಣದ ದಾರ ಮನೆಯಲ್ಲಿರಲಿ. ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೆಯ ಪುಸ್ತಕಕ್ಕೆ ಹೊಲಿಗೆ ಬಿಟ್ಟಾಗ ಸರಿಮಾಡಿಕೊಡುವವರು ಬೇಕೇ ಬೇಕು.

ಜಿಎಸ್‌ಟಿ ನೋಂದಣಿಯಿದ್ದರೆ ರದ್ದತಿಗೆ ಅರ್ಜಿ ಹಾಕಿ. ರದ್ದಾದ 3 ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಅಂತಿಮ ರಿಟರ್ನ್ ಸಲ್ಲಿಸಿ. ಅಡ್ವಾನ್ಸ್ ಯಾವಾಗ ಹಿಂದಿರುಗಿಸುತ್ತಾರೆ, ಸುಣ್ಣಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ ಎಂಬುದನ್ನು ಮಾಲೀಕರಿಂದ ಈಗಲೇ ಬರೆಸಿಕೊಳ್ಳಿ. ಹಳೆಯ ಗಿರಾಕಿಗಳಿಗೆ ನೀವೇ ಫೋನ್ ಮಾಡಿ ತಿಳಿಸಿ. ಪಕ್ಕದ ಅಂಗಡಿಯವರ ಬಾಯಿಂದ ಅವರಿಗೆ ಸುದ್ದಿ ಸಿಗುವುದು ಬೇಡ.