ಆಪ್ತಸಲಹೆ ಪ್ರಕರಣ: ಒಂದು ಸಾಲಿನ ಸ್ವಾರಸ್ಯ, ಮೂವರು ಅಪರಿಚಿತರು

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ವಿದ್ಯಾರ್ಥಿನಿಯ ಒಪ್ಪಿಗೆ ಇದೆ.)

ಹುಡುಗಿಗೆ 18 ವರ್ಷ, ಪದವಿ ಮೊದಲ ವರ್ಷ. ಊರು ಕೊಡಗಿನ ದುಬಾರೆ ಆನೆ ಕ್ಯಾಂಪಿನ ಕಡೆ. ಮನೆಯವರಿಗೆ ಒಂದಿಷ್ಟು ಕಾಫಿ, ಒಂದಿಷ್ಟು ಮೆಣಸು. ಮನೆಮಾತು ಅರೆಭಾಷೆ. ಈಗ ಮಡಿಕೇರಿಯಲ್ಲಿ ಹಾಸ್ಟೆಲ್ ವಾಸ. ಉಳಿದ ತರಗತಿಗೆಲ್ಲ ಹೋಗುತ್ತಾಳೆ, ಕನ್ನಡಕ್ಕೆ ಮಾತ್ರ ಚಕ್ಕರ್, ರಾತ್ರಿ ನಿದ್ದೆಯೂ ಮಾಡುವುದಿಲ್ಲ ಎಂದು ವಾರ್ಡನ್ ನನ್ನ ಹತ್ತಿರ ಕಳಿಸಿದ್ದರು.

ನಡೆದದ್ದು ಇಷ್ಟು. ಪಂಪನ ‘ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ’ (ಯಾರು ಅಂಕುಶವಿಟ್ಟು ತಿವಿದರೂ ನನ್ನ ಮನಸ್ಸು ನೆನೆಯುವುದು ಬನವಾಸಿ ನಾಡನ್ನೇ) ಎಂಬ ಸಾಲಿಗೆ ಸಂದರ್ಭ, ಸ್ವಾರಸ್ಯ ಬರೆದು ತರಲು ಹೇಳಿದ್ದರು. ಹಿಂದಿನ ರಾತ್ರಿ ಈಕೆ ಆ ಸಾಲನ್ನಷ್ಟೇ ಮೊಬೈಲಿನಲ್ಲಿ ಟೈಪ್ ಮಾಡಿ, ‘ಅರ್ಥ ಹೇಳಿ ಪ್ಲೀಸ್, ಅರ್ಜೆಂಟ್’ ಎಂದು ಆನ್‌ಲೈನಿನಲ್ಲಿ ಗುರುತು ಪರಿಚಯ ಇಲ್ಲದವರನ್ನು ಕೇಳಿದಳು. ಒಬ್ಬರು ದೇಶಭಕ್ತಿ ಎಂದರು. ಇನ್ನೊಬ್ಬರು ಕನ್ನಡಾಭಿಮಾನ ಎಂದರು. ಮೂರನೆಯವರು ಆತ್ಮ ಪರಮಾತ್ಮನಿಗಾಗಿ ಹಂಬಲಿಸುವುದರ ಬಗ್ಗೆ ಪುಟಗಟ್ಟಲೆ ಬರೆದರು. ಯಾವುದನ್ನು ಬಿಡಬೇಕೆಂದು ತಿಳಿಯದೆ ಮೂರನ್ನೂ ಸೇರಿಸಿ ಬರೆದುಕೊಟ್ಟಳು. ಹಾಳೆಯ ಕೆಳಗೆ ಅಧ್ಯಾಪಕರ ಕೆಂಪು ಶಾಯಿ: ‘ಯಾರು ಬರೆದುಕೊಟ್ಟಿದ್ದು?’ ಅಲ್ಲಿಂದ ಆ ತರಗತಿಯ ಮೆಟ್ಟಿಲು ಹತ್ತಿಲ್ಲ.

ಇದನ್ನು ಮೊಬೈಲ್ ಚಟ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ನನಗೆ ಹಾಗೆ ಕಾಣಲಿಲ್ಲ. ಸ್ಟಾಫ್ ರೂಮು ಹತ್ತು ಹೆಜ್ಜೆ ದೂರದಲ್ಲಿದ್ದರೂ ಅಲ್ಲಿಗೆ ಹೋಗದೆ ಅಪರಿಚಿತರನ್ನು ಯಾಕೆ ಕೇಳಿದೆ ಎಂದೆ. ತುಂಬ ಹೊತ್ತು ಸುಮ್ಮನಿದ್ದು ಹೇಳಿದಳು: ವರ್ಷದ ಆರಂಭದಲ್ಲಿ ಹಳಗನ್ನಡದ ಪದ್ಯ ಜೋರಾಗಿ ಓದುವಾಗ ತಡವರಿಸಿದ್ದಕ್ಕೆ ಹಿಂದಿನ ಬೆಂಚು ನಕ್ಕಿತ್ತು. ಪರಿಚಯ ಇಲ್ಲದವರ ಮುಂದೆ ದಡ್ಡಿ ಎನಿಸಿಕೊಂಡರೆ ಏನೂ ಹೋಗುವುದಿಲ್ಲ, ಫೋನ್ ಆಫ್ ಮಾಡಿದರೆ ಮುಗಿಯಿತು. ಲೆಕ್ಕಾಚಾರ ತಪ್ಪೇನಲ್ಲ.

ಆದರೆ ಆ ಮೂವರ ಕೈಯಲ್ಲಿ ಇದ್ದದ್ದು ಒಂದೇ ಸಾಲು. ಅದೇ ಪದ್ಯದಲ್ಲಿ ಅದಕ್ಕೂ ಮೊದಲು ಬರುವ ತೆಂಕಣ ಗಾಳಿ, ಬಿರಿದ ಮಲ್ಲಿಗೆ ಅವರಿಗೆ ಕಂಡಿರಲಿಲ್ಲ. ಅದು ಪಂಪನ ಭಾರತ ಕಾವ್ಯ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೇ ಆಶ್ವಾಸ (ಅಧ್ಯಾಯ), ಅರ್ಜುನ ತಿರುಗುತ್ತಾ ಬನವಾಸಿಗೆ ಬಂದ ಸಂದರ್ಭ ಎಂಬುದೂ ಗೊತ್ತಿರಲಿಲ್ಲ. ಬರೀ ಕೊನೆಯ ಸಾಲು ಕೊಟ್ಟರೆ ಬಾವುಟ ಹಾರಿಸುವವರು ಹಾರಿಸುತ್ತಾರೆ.

ನಾನು ಕನ್ನಡ ಮೇಷ್ಟರಲ್ಲ, ಅರ್ಥ ಹೇಳಲು ಹೋಗಲಿಲ್ಲ. ‘ಅಂಕುಶ ನೋಡಿದ್ದೀಯಾ?’ ಎಂದು ಕೇಳಿದೆ. ಮೊದಲ ಸಲ ನಕ್ಕಳು. ‘ನಮ್ಮೂರಲ್ಲಿ ಅದನ್ನ ಯಾರು ನೋಡಿಲ್ಲ ಮೇಡಂ?’ ಆಮೇಲೆ ತಾನೇ ಶುರು ಮಾಡಿದಳು. ಕ್ಯಾಂಪಿನ ಆನೆಗಳನ್ನು ಸಂಜೆ ಕಾಲಿಗೆ ಸರಪಳಿ ಹಾಕಿ ಮೇಯಲು ಕಾಡಿಗೆ ಬಿಡುತ್ತಾರೆ. ಬೆಳಿಗ್ಗೆ ಮಾವುತರು ನೆಲದಲ್ಲಿ ಸರಪಳಿ ಎಳೆದ ಗೀರು ಹಿಡಿದು ಹುಡುಕಿಕೊಂಡು ಹೋಗಬೇಕು. ‘ಎಷ್ಟು ವರ್ಷ ಪಳಗಿದ್ರೂ ಅಷ್ಟೇ. ಚುಚ್ಚಿದ್ರೆ ಈ ಕಡೆ ಬರುತ್ತೆ, ಗ್ಯಾನ ಮಾತ್ರ ಆ ಕಡೆಗೇ.’ ಸ್ವಲ್ಪ ತಡೆದು, ‘ಹಾಗಾದ್ರೆ ಇಲ್ಲಿ ಮನಸ್ಸೇ ಆನೆ, ಅಲ್ವಾ?’ ಎಂದಳು. ಪಂಪ ಇದ್ದದ್ದು ಈಗಿನ ತೆಲಂಗಾಣದಲ್ಲಿರುವ ವೇಮುಲವಾಡದ ದೊರೆ ಅರಿಕೇಸರಿಯ ಆಶ್ರಯದಲ್ಲಿ, ಕಾವ್ಯದ ಕಾಲ 941ರ ಸುಮಾರು ಎಂದಷ್ಟೇ ನಾನು ಸೇರಿಸಿದ್ದು. ಮನೆಯ ನೆನಪಿನ ಮಾತೂ ಬಂತು. ಬರಬೇಕಾದದ್ದೇ, ಅದನ್ನೊಂದು ಕಾಯಿಲೆ ಎಂದು ಫೈಲಿನಲ್ಲಿ ಬರೆಯಲಿಲ್ಲ.

ಕೊಟ್ಟ ಸಲಹೆ: ಆನ್‌ಲೈನಿನಲ್ಲಿ ಕೇಳು, ಬೇಡವೆನ್ನುವುದಿಲ್ಲ. ಕೇಳುವ ಮೊದಲು ನಿನಗೆ ತೋಚಿದ್ದನ್ನು ಎರಡು ಸಾಲು ಬರೆದಿಟ್ಟುಕೋ, ತಪ್ಪಾದರೂ ಸರಿ. ಇಡೀ ಪದ್ಯ ಕೊಡು, ಎಲ್ಲಿ ಸಿಕ್ಕಿಕೊಂಡಿದ್ದೀ ಎಂದು ಹೇಳು. ‘ಅರ್ಥ ಹೇಳಿ’ ಎಂದರೆ ಅವರವರ ಭಾಷಣ ಬರುತ್ತದೆ. ಬಂದ ಉತ್ತರವನ್ನು ಪದ್ಯದ ಪಕ್ಕ ಇಟ್ಟು ನೋಡು. ಗಾಳಿಗೂ ಮಲ್ಲಿಗೆಗೂ ಅದರಲ್ಲಿ ಜಾಗವಿಲ್ಲದಿದ್ದರೆ ಬಿಟ್ಟುಬಿಡು. ಬೇರೆಯವರ ಮಾತು ಹಿಡಿಸಿದರೆ ‘ಹೀಗೂ ಹೇಳುತ್ತಾರೆ’ ಎಂದೇ ಬರೆ. ಉತ್ತರಕ್ಕಾಗಿ ನಡುರಾತ್ರಿಯವರೆಗೆ ಕಾಯಬೇಡ, ಲೈಟ್ ಆರಿಸಿದ ಮೇಲೆ ಫೋನು ಕಪಾಟಿನಲ್ಲಿರಲಿ. ಅಧ್ಯಾಪಕರನ್ನು ಎಲ್ಲರ ಎದುರು ಕೇಳಬೇಕಿಲ್ಲ. ಊಟದ ಬಿಡುವಿನಲ್ಲಿ, ಕೈಯಲ್ಲಿ ನಿನ್ನದೇ ಹಾಳೆ ಹಿಡಿದು ಹೋಗು.

ಇನ್ನೊಂದು ಸಂಗತಿ ಹೊರಡುವಾಗ ಬಾಯಿಬಿಟ್ಟಳು. ಉತ್ತರ ಕೊಟ್ಟವರಲ್ಲಿ ಒಬ್ಬ ಹಾಸ್ಟೆಲ್ ಯಾವುದು, ಫೋಟೋ ಕಳಿಸು ಎಂದು ಶುರು ಮಾಡಿದ್ದ. ಸ್ಕ್ರೀನ್‌ಶಾಟ್ ತೆಗೆಸಿ ಇಡಿಸಿದೆ, ನನ್ನೆದುರೇ ಬ್ಲಾಕ್ ಮಾಡಿಸಿದೆ, ಆಕೆಯ ಒಪ್ಪಿಗೆ ಪಡೆದು ವಾರ್ಡನ್‌ಗೂ ತಿಳಿಸಿದೆ. ಮತ್ತೆ ಬೇರೆ ಹೆಸರಿನಲ್ಲಿ ಬಂದರೆ ಪೊಲೀಸರಿಗೆ 112.

ಮುಂದಿನ ಭೇಟಿಯ ಹೊತ್ತಿಗೆ ಆಕೆ ಅರ್ಧ ಪುಟ ಬರೆದುಕೊಂಡು ಸ್ಟಾಫ್ ರೂಮಿಗೆ ಹೋಗಿ ಬಂದಿದ್ದಳು. ಅಧ್ಯಾಪಕರು ಆನೆಯ ಮಾತನ್ನು ಒಪ್ಪಿ, ಪಂಪ ವೇಮುಲವಾಡದಲ್ಲಿ ‘ಬಂಧಿಯಾಗಿದ್ದ’ ಎಂದು ಬರೆದಿದ್ದನ್ನು ಹೊಡೆದುಹಾಕಿ, ಮತ್ತೆ ಬರೆದು ತರಲು ಹೇಳಿದ್ದಾರೆ. ತರಗತಿಗೆ ಹೋಗುತ್ತಿದ್ದಾಳೆ. ಜೋರಾಗಿ ಓದಲು ಇನ್ನೂ ಒಪ್ಪುತ್ತಿಲ್ಲ. ಸದ್ಯಕ್ಕೆ ರೂಮ್‌ಮೇಟ್ ಒಬ್ಬಳ ಎದುರು ದಿನಕ್ಕೊಂದು ಪದ್ಯ ಓದುವುದೆಂದು ಮಾತಾಗಿದೆ.