ನಿದ್ದೆಗೆಟ್ಟರೆ ಕ್ಯಾನ್ಸರ್ ಬರುತ್ತದೆಯೇ?

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ರಾತ್ರಿ ಎಂಟೂವರೆಗೆಲ್ಲ ಮಲಗಿಬಿಡುತ್ತಾರೆ. ನಡುವೆ ಮೂರು ಸಲ ಮೂತ್ರಕ್ಕೆ ಏಳುತ್ತಾರೆ, ಎರಡೂವರೆಗೆ ಪೂರ್ತಿ ಎಚ್ಚರ. ಗೊರಕೆ ಜೋರು. ಮಧ್ಯಾಹ್ನ ಊಟವಾದ ಮೇಲೆ ಒಂದೂವರೆ ಗಂಟೆ ಮಲಗುತ್ತಾರೆ. ನಾಲ್ಕು ವರ್ಷದಿಂದ ನಿದ್ದೆ ಮಾತ್ರೆ ನಡೆಯುತ್ತಿದೆ. ನಿದ್ದೆಯಿಲ್ಲದವರಿಗೆ ಕ್ಯಾನ್ಸರ್ ಬರುತ್ತದೆ ಎಂದು ವಾಟ್ಸಾಪ್‌ನಲ್ಲಿ ಓದಿ ಕಂಗಾಲಾಗಿದ್ದಾರೆ. ಏನು ಮಾಡೋಣ?
– ಓದುಗರು, ಬಸವನಗುಡಿ

ಉತ್ತರ: ಆ ಸುದ್ದಿಗೆ ಒಂದು ಮೂಲವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ರಾತ್ರಿ ಪಾಳಿಯ ಕೆಲಸವನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂದು 2007ರಲ್ಲಿ ಹೇಳಿತು, 2019ರಲ್ಲಿ ಮತ್ತೆ ಎತ್ತಿಹಿಡಿಯಿತು. ಅದು ವರ್ಷಗಟ್ಟಲೆ ರಾತ್ರಿ ದುಡಿಯುವವರ ಮಾತು. ವಯಸ್ಸಾದವರ ನಿದ್ರಾಹೀನತೆಯಿಂದಲೇ ಕ್ಯಾನ್ಸರ್ ಬರುತ್ತದೆ ಎನ್ನುವುದು ಸಾಬೀತಾಗಿಲ್ಲ. ಅಧ್ಯಯನಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಎಷ್ಟೋ ಸಲ ಒಳಗಿನ ಕಾಯಿಲೆಯೇ ಮೊದಲು ನಿದ್ದೆ ಕೆಡಿಸಿರುತ್ತದೆ. ತಂದೆಯವರಿಗೆ ಇದನ್ನು ಬಿಡಿಸಿ ಹೇಳಿ, ಹೆದರಿಕೆಯೂ ನಿದ್ದೆಯ ಶತ್ರುವೇ.

ಈಗ ಲೆಕ್ಕ ಹಾಕಿ. ಎಂಟೂವರೆಯಿಂದ ಎರಡೂವರೆ, ಆರು ಗಂಟೆ. ಮಧ್ಯಾಹ್ನದ್ದು ಸೇರಿಸಿದರೆ ಏಳೂವರೆ. 65 ದಾಟಿದವರಿಗೆ ಏಳರಿಂದ ಎಂಟು ಗಂಟೆ ಸಾಕು. ಒಟ್ಟು ಹೊತ್ತು ಕಡಿಮೆಯೇನಿಲ್ಲ, ದೇಹದ ಗಡಿಯಾರ ಮುಂದಕ್ಕೆ ಓಡಿದೆ, ನಿದ್ದೆ ತುಂಡಾಗುತ್ತಿದೆ.

ಬೆಳಗಿನ ಬೆಳಕು ಈ ಗಡಿಯಾರವನ್ನು ಇನ್ನಷ್ಟು ಮುಂದಕ್ಕೆ ತಳ್ಳುತ್ತದೆ, ಸಂಜೆಯ ಬೆಳಕು ಹಿಂದಕ್ಕೆ ಎಳೆಯುತ್ತದೆ. ಆದ್ದರಿಂದ ಅವರು ಬೆಳಗಾಗುತ್ತಲೇ ಲಾಲ್‌ಬಾಗಿಗೆ ಹೋಗುವವರಾದರೆ ಆ ವಾಕಿಂಗನ್ನು ಸಂಜೆ ಐದಕ್ಕೆ, ಹತ್ತಿರದ ಕೃಷ್ಣರಾವ್ ಪಾರ್ಕಿಗೆ ಬದಲಾಯಿಸಿ. ಮಲಗುವ ಹೊತ್ತನ್ನು ಎರಡು ಮೂರು ದಿನಕ್ಕೊಮ್ಮೆ 15 ನಿಮಿಷ ತಡಮಾಡುತ್ತಾ ಹತ್ತೂವರೆಗೆ ತನ್ನಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ, ಮೂರರೊಳಗೆ ಮುಗಿಯಲಿ. ಕಾಫಿ ಹನ್ನೆರಡರ ನಂತರ ಬೇಡ: ಕುಡಿದ ಕೆಫೀನಿನ ಅರ್ಧ ಭಾಗ ಸುಮಾರು ಐದು ಗಂಟೆಯ ಮೇಲೂ ರಕ್ತದಲ್ಲಿರುತ್ತದೆ.

ನನಗೆ ಹೆಚ್ಚು ಕಾಳಜಿ ಇರುವುದು ಗೊರಕೆ ಮತ್ತು ಮೂತ್ರದ ಜೋಡಿಯ ಬಗ್ಗೆ. ಎಲ್ಲರೂ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ತೊಂದರೆ ಎಂದುಕೊಳ್ಳುತ್ತಾರೆ. ಅದೂ ಇರಬಹುದು, ಪರೀಕ್ಷೆ ಆಗಲಿ. ಆದರೆ ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡಾಗ ಎದೆ ಉಸಿರಿಗಾಗಿ ಜಗ್ಗುತ್ತದೆ, ಹೃದಯ ಹಿಗ್ಗುತ್ತದೆ, ಆಗ ಅದು ಬಿಡುವ ಹಾರ್ಮೋನು ಮೂತ್ರಪಿಂಡದಿಂದ ನೀರು ಹೊರಹಾಕಿಸುತ್ತದೆ. ಗೊರಕೆ ತಟ್ಟನೆ ನಿಂತು, ಏದುಸಿರಿನೊಂದಿಗೆ ಮತ್ತೆ ಶುರುವಾಗುತ್ತದೆಯೇ ಗಮನಿಸಿ. ಹಾಗಾಗುತ್ತಿದ್ದರೆ, ಮಲಗಿದ್ದಾಗಿನ ಉಸಿರಾಟ ಅಳೆಯುವ ನಿದ್ದೆ ಪರೀಕ್ಷೆ ಮಾಡಿಸಿ. ಉಸಿರು ಕಟ್ಟುವುದು, ಕುಗ್ಗುವುದು ಗಂಟೆಗೆ 15 ಸಲ ದಾಟಿದರೆ ಸಾಮಾನ್ಯವಾಗಿ ಸಿಪ್ಯಾಪ್ ಯಂತ್ರ (ಮುಖವಾಡದ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲು ಮುಚ್ಚದಂತೆ ತಡೆಯುವುದು) ಸೂಚಿಸುತ್ತಾರೆ; ಅದರಿಂದ ಮೂತ್ರಕ್ಕೆ ಏಳುವುದೂ ಎಷ್ಟೋ ಜನರಿಗೆ ಇಳಿಯುತ್ತದೆ.

ಸಂಜೆ ಕಾಲುಚೀಲ ತೆಗೆದಾಗ ಹರಡಿನ ಮೇಲೆ ಎಲಾಸ್ಟಿಕ್ಕಿನ ಗೆರೆ ಆಳವಾಗಿ ಕೂತಿದೆಯೇ? ಕಾಲಲ್ಲಿ ಇಳಿದ ಆ ನೀರೇ ಮಲಗಿದ ಮೇಲೆ ಮೂತ್ರವಾಗುತ್ತದೆ. ನಾಲ್ಕು ಗಂಟೆಗೆ ಒಂದರ್ಧ ಗಂಟೆ ದಿಂಬಿನ ಮೇಲೆ ಕಾಲೆತ್ತಿ ಒರಗಿಕೊಳ್ಳಲಿ, ಆದರೆ ನಿದ್ದೆಗೆ ಜಾರಬಾರದು. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ರಾತ್ರಿ ಇದ್ದರೆ, ಬೆಳಗ್ಗೆಗೆ ಬದಲಾಯಿಸಬಹುದೇ ಎಂದು ವೈದ್ಯರನ್ನು ಕೇಳಿ.

ನಿದ್ದೆ ಮಾತ್ರೆಯನ್ನು ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ. ಆಲ್ಪ್ರಜೋಲಾಮ್, ಕ್ಲೋನಜೆಪಾಮ್ ಜಾತಿಯದಾದರೆ ನಡುಕ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ವೈದ್ಯರ ಉಸ್ತುವಾರಿಯಲ್ಲಿ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಇಳಿಸಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ: ಮಾತ್ರೆಯ ಮಂಪರಲ್ಲಿ ಬಚ್ಚಲಿಗೆ ಹೋಗಿ ಜಾರಿ ಸೊಂಟ ಮುರಿದುಕೊಳ್ಳುವ ಅಪಾಯ ಇಂದೇ ಇದೆ. ದಾರಿಗೊಂದು ಸಣ್ಣ ದೀಪ ಇವತ್ತೇ ಹಾಕಿ.

ಕ್ಯಾನ್ಸರಿನ ಚಿಂತೆಗೆ ನೋಡಬೇಕಾದ್ದು ಬೇರೆ: ಕಾರಣವಿಲ್ಲದೆ ತೂಕ ಇಳಿಯುವುದು, ಮೂತ್ರ ಅಥವಾ ಮಲದಲ್ಲಿ ರಕ್ತ, ಮೂರು ವಾರವಾದರೂ ಮಾಯದ ಬಾಯಿಹುಣ್ಣು ಅಥವಾ ಕೆಮ್ಮು. ಯಾವುದಿದ್ದರೂ ತಡಮಾಡಬೇಡಿ. ಎಲೆಯಡಿಕೆ, ಹೊಗೆಸೊಪ್ಪು ಇದ್ದರೆ ಬಿಡಿಸಿ. ಅಡಿಕೆ ಕ್ಯಾನ್ಸರ್‌ಕಾರಕ ಎಂಬುದರಲ್ಲಿ ಅನುಮಾನವಿಲ್ಲ.

ವೈದ್ಯರ ಬಳಿ ಹೋಗುವ ಮುನ್ನ ಮೂರು ದಿನ ಅಳತೆಯ ಜಗ್ಗಿನಲ್ಲಿ ಮೂತ್ರ ಅಳೆದು, ಹೊತ್ತಿನ ಸಮೇತ ಬರೆದಿಡಿ. ಮಲಗಿದ ಮೇಲಿನದ್ದು, ಬೆಳಗಿನ ಮೊದಲನೆಯದನ್ನೂ ಸೇರಿಸಿ, ಇಡೀ 24 ಗಂಟೆಯ ಒಟ್ಟು ಮೊತ್ತದ ಮೂರನೇ ಒಂದು ಭಾಗ ಮೀರಿದ್ದರೆ ರಾತ್ರಿ ಮೂತ್ರವೇ ಹೆಚ್ಚು ತಯಾರಾಗುತ್ತಿದೆ ಎಂದರ್ಥ; ಆ ಚೀಟಿಯನ್ನು ಮೊದಲು ತೋರಿಸಿ.